ಹೋಳಿಗೆಗೊಂದು ಹಾಗಲಕಾಯಿ

ವಿಜಯಪುರದ ಗಾಂಧಿ ಚೌಕದ ಚಹಾ ಅಂಗಡಿಗೆ ನಮ್ಮ ಸಾಹುಕಾರ ಆಟೋದಲ್ಲಿ ಬಂದಿಳಿದ. ಹೋದ ತಿಂಗಳಷ್ಟೇ ದೊಡ್ಡ ಕಾರು ತೊಗೊಂಡವನು.

"ಕಾರು ಎಲ್ಲೋ?"

"ಗೋಳಗುಮ್ಮಟದ ಹತ್ತಿರ ನಿಲ್ಲಿಸಿ ಬಂದೆ. ಇಲ್ಲಿ ಜಾಗ ಎಲ್ಲಿದೆ? ನಿನ್ನೆ ಟಾಂಗಾದವನೊಬ್ಬ ನನ್ನ ಕಾರಿನ ಕನ್ನಡಿ ನೋಡಿ, 'ಸಾಹೇಬ್ರ, ಕಿವಿ ಮಡಚ್ಕೋರಿ, ಕುದುರಿ ಹೋಗಬೇಕು' ಅಂದ."

ಮೇಷ್ಟ್ರು ಚಹಾ ಬಸಿಗೆ ಸುರಿದುಕೊಂಡರು. "ನಿನಗೆ ಆಸ್ಟನ್ ಮಾರ್ಟಿನ್ ಸಿಗ್ನೆಟ್ ಬೇಕಿತ್ತು ನೋಡು. 2011ರಲ್ಲಿ ಬಂದಿತ್ತು. ಉದ್ದ ಮೂರು ಮೀಟರ್ ಚಿಲ್ಲರೆ."

"ಆ ಕೋಟಿಗಟ್ಟಲೆ ಕಾರಿನವರು ಮಾಡಿದ್ರಾ?"

"ಮಾಡಿದ್ದೇನು, ಟೊಯೋಟಾ ಐಕ್ಯೂ ತಂದು ಮೂತಿ ಬದಲಿಸಿ, ಒಳಗೆ ಚರ್ಮ ಹೊಲಿದರು. ಬೆಲೆ ಸುಮಾರು 30 ಸಾವಿರ ಪೌಂಡ್. ಮೂಲ ಕಾರಿನ ಹತ್ತಿರ ಹತ್ತಿರ ಮೂರು ಪಟ್ಟು!"

"ಎಂಜಿನ್?" ಗ್ಯಾರೇಜ್ ಮಾಮಾನ ಪ್ರಶ್ನೆ ಯಾವಾಗಲೂ ಅದೇ.

"ಅದೇ ಟೊಯೋಟಾದ 1.3 ಲೀಟರ್."

"ಅಂದ್ರ ನೈಟಿಗೆ ಇಳಕಲ್ ಸೀರಿ ಸೆರಗು ಹಚ್ಚಿದಂಗಾತು."

ನನಗೆ ಐಕ್ಯೂ ಪಾಪ ಅನ್ನಿಸಿತು. ಮೂರು ಮೀಟರಿನೊಳಗೆ ನಾಲ್ಕು ಸೀಟು ಹಿಡಿಸೋದು ಸುಮ್ನೆ ಮಾತಲ್ಲ. ಎಂಜಿನ್ನಿನ ಶಕ್ತಿಯನ್ನು ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್ಲನ್ನು ಎಂಜಿನ್ನಿನ ಮುಂದಕ್ಕೆ ತಂದು, ಪೆಟ್ರೋಲ್ ಟ್ಯಾಂಕನ್ನು ರೊಟ್ಟಿ ಹಾಗೆ ತಟ್ಟಿ ಸೀಟಿನ ಕೆಳಗೆ ತಳ್ಳಿದ್ದರು. ಕಷ್ಟದ ಕೆಲಸ ಅವರದು, ಹೆಸರು ಇವರದು.

"ಅಷ್ಟು ದುಡ್ಡಿದ್ದವರಿಗೆ ಈ ಉಸಾಬರಿ ಯಾಕೆ?" ಸಾಹುಕಾರನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಯುರೋಪಿನಲ್ಲಿ ಕಂಪನಿ ಮಾರುವ ಎಲ್ಲ ಕಾರುಗಳ ಕಾರ್ಬನ್ ಡೈಆಕ್ಸೈಡ್ ಸರಾಸರಿ ಲೆಕ್ಕ ಹಾಕುವ ಕಾನೂನು ಬರುತ್ತಿತ್ತು. ಸಣ್ಣದೊಂದು ಸೇರಿಸಿದರೆ ಸರಾಸರಿ ಇಳಿಯುತ್ತೆ, ದೊಡ್ಡವುಗಳ ಪಾಪ ತೊಳೆಯೋಕೆ ಇದು ಅಂತ ಆಗ ಎಲ್ಲರೂ ಆಡಿಕೊಂಡರು. ಈಗ ನಿನಗೆ ಡಾಕ್ಟರು ಸಕ್ಕರೆ ಬಿಡು ಅಂದರೆ ಏನು ಮಾಡ್ತೀಯ?"

"ನಾಲ್ಕು ಹೋಳಿಗೆ ತಿಂದು ಮೇಲೊಂದು ಹಾಗಲಕಾಯಿ ತಿಂತೀನಿ."

"ಅದೇ ಸಿಗ್ನೆಟ್!"

ವರ್ಷಕ್ಕೆ 4000 ಮಾರುವ ಆಸೆಯಿತ್ತಂತೆ. ಹೋದದ್ದು ಕೆಲವೇ ನೂರು. 2013ಕ್ಕೆ ಸಿಗ್ನೆಟ್ ಅಂಗಡಿ ಬಂದ್.

"ಮರ್ಸಿಡಿಸ್‌ನವರದೂ ಒಂದು ಫಜೀತಿ ಆಗಿತ್ತು," ಅಂದೆ ನಾನು. "1997ರಲ್ಲಿ ಸಣ್ಣ ಎ-ಕ್ಲಾಸ್ ತಂದರು. ಸ್ವೀಡನ್‌ನಲ್ಲಿ, ರಸ್ತೆಗೆ ಕಡವೆಯಂಥ ಪ್ರಾಣಿ ನುಗ್ಗಿದರೆ ಹೇಗೆ ಅಂತ ಗಕ್ಕನೆ ತಿರುಗಿಸಿ ನೋಡಿದರು. ಕಾರು ಪಲ್ಟಿ! ಆಮೇಲೆ ಜಾರದಂತೆ ತಡೆಯುವ ಇಎಸ್‌ಪಿ ಎಲ್ಲ ಎ-ಕ್ಲಾಸಿಗೂ ಹಾಕಿಕೊಟ್ಟರು."

"ನಮ್ಮಲ್ಲಿ ಎಮ್ಮಿ ಪರೀಕ್ಷಾ ಇಡಬೇಕು," ಅಂದ ಮಾಮಾ. "ಎಮ್ಮಿ ಅಡ್ಡ ಬರೂದಿಲ್ಲ, ಅಡ್ಡ ಮಲಗಿರತದ. ಎಷ್ಟ್ ಹಾರ್ನ್ ಹೊಡದ್ರ ಏಳತದ ಅನ್ನೂದ ಪರೀಕ್ಷಾ."

"ಕೇಳು ಮಾಮಾ," ಅಂದರು ಮೇಷ್ಟ್ರು, "2018ರಲ್ಲಿ ಒಬ್ಬ ಗಿರಾಕಿಗೋಸ್ಕರ ಅದೇ ಸಿಗ್ನೆಟ್‌ಗೆ 4.7 ಲೀಟರಿನ, ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ ತುರುಕಿದರು. ಒಂದೇ ಒಂದು ಕಾರು."

ಮಾಮಾ ಕಪ್ಪು ಕೆಳಗಿಟ್ಟ. "ಬಾನೆಟ್ ಮುಚ್ಚತದೇನ್ರೀ?"

ಸಾಹುಕಾರ ಗಡಿಯಾರ ನೋಡಿ ಎದ್ದ. ನನ್ನ ಹಳೇ ಸ್ಕೂಟರಿನ ಹಿಂದಿನ ಸೀಟು ಕೈಯಿಂದ ಒರೆಸಿದ. "ಗುಮ್ಮಟದ ತನಕ ಬಿಡು ಮಾರಾಯ. ಕಾರು ತರಬೇಕು."