ಗುಂಡನ ಕಾರು, ಒಂದು ಗೀರೂ ಇಲ್ಲ

ಗುಂಡ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಇಪ್ಪತ್ತು ದಿನ ಆಗಿತ್ತು ಅಷ್ಟೆ. ಯಾರೋ ಬ್ಯಾಂಕ್ ಮ್ಯಾನೇಜರ್ ಗಾಡಿಯಂತೆ ಕಣ್ರೋ, ದೇವಸ್ಥಾನಕ್ಕೆ ಬಿಟ್ರೆ ಎಲ್ಲೂ ಓಡ್ಸಿಲ್ವಂತೆ, ಒಂದು ಗೀರೂ ಬಿದ್ದಿಲ್ವಂತೆ ಅಂತ ಹೇಳೀ ಹೇಳೀ ನಮ್ಮ ಕಿವಿ ತೂತು ಮಾಡಿಟ್ಟಿದ್ದ. ಹಾಸನದಲ್ಲಿ ಮದುವೆ ಇತ್ತು, ನಾವು ನಾಲ್ಕು ಜನ ಅದ್ರಲ್ಲೇ ಹೊರಟ್ವಿ. ಕುಣಿಗಲ್ ದಾಟೋವಾಗ್ಲೇ ಮೇಷ್ಟ್ರು ಕೇಳಿದ್ರು, "ಲೋ ಗುಂಡ, ಇಂಡಿಕೇಟರ್ ಹಾಕಿದಾಗೆಲ್ಲಾ ಮೀಟರ್ ಲೈಟೂ ಜೊತೇಲೇ ಮಿಣಮಿಣ ಅಂತಿದೆಯಲ್ಲೋ?"

"ಅದು ಫೀಚರ್ ಸಾರ್."

ಯಡಿಯೂರಲ್ಲಿ ಕಾಫಿ ಕುಡ್ದು ವಾಪಸ್ ಬಂದು ಕೀ ತಿರುಗಿಸಿದ್ರೆ ಏನೂ ಇಲ್ಲ. ಸೆಲ್ಫ್ ಇಲ್ಲ, ಹಾರನ್ ಇಲ್ಲ, ಮೀಟರ್ ಕಪ್ಪು. ಗುಂಡ ಗಾಬರಿಗೆ ಕೈಗೆ ಸಿಕ್ಕ ಸ್ವಿಚ್ಚೆಲ್ಲಾ ಒತ್ತಿದ, ವೈಪರ್ರು, ಬ್ಲೋಯರ್ರು, ಸ್ಟೀರಿಯೋ ಫುಲ್ ವಾಲ್ಯೂಮು, ಒಂದೂ ಉಸಿರೆತ್ತಲಿಲ್ಲ.

ಸೀನ ಅಂದ, "ನಿಂಬೆಹಣ್ಣು ಹತ್ತಿಸ್ದೇ ತಂದೆಯೇನೋ?"

"ನಾಲ್ಕು ಚಕ್ರಕ್ಕೂ ಹತ್ಸಿದೀನಿ ಕಣೋ."

"ಹಂಗಾದ್ರೆ ಸ್ಟೆಪ್ನಿ ಕೋಪ ಮಾಡ್ಕೊಂಡಿದೆ."

ಆಮೇಲೆ ತಳ್ಳಾಟ ಶುರುವಾಯ್ತು. ರೇಷ್ಮೆ ಪಂಚೆ ಎತ್ತಿ ಕಟ್ಕೊಂಡು ನೂರು ಅಡಿ ತಳ್ಳಿದ್ವಿ, ಗುಂಡ ಸೆಕೆಂಡ್ ಗೇರಲ್ಲಿ ಕ್ಲಚ್ ಬಿಟ್ಟ, ಗಾಡಿ ಗಕ್ ಅಂತ ನಿಂತು ಸೀನನ ಹಲ್ಲು ಡಿಕ್ಕಿಗೆ ಬಡೀತು. ಮೇಷ್ಟ್ರು ಮಾತ್ರ ತಳ್ಳೋಕೆ ಬರ್ದೇ ನೆರಳಲ್ಲಿ ನಿಂತು ಪಾಠ ಶುರು ಮಾಡಿದ್ರು, "ಇದು ಹಳೇ ಕಾರ್ಬೊರೇಟರ್ ಗಾಡಿ ಅಲ್ರಯ್ಯಾ, ಇಂಜೆಕ್ಷನ್ದು, ಕರೆಂಟೇ ಇಲ್ದಿದ್ರೆ ಪೆಟ್ರೋಲ್ ಪಂಪು ಓಡಲ್ಲ, ಹಾಸನದ ತನಕ ತಳ್ಳಿದ್ರೂ ಅಷ್ಟೇ." ಮುಂಚೇನೇ ಹೇಳ್ಬಾರ್ದಾ ಮೇಷ್ಟ್ರೇ ಅಂದ್ರೆ, ನೀವು ಕೇಳ್ಲಿಲ್ವಲ್ಲ ಅಂತಾರೆ.

ಗುಂಡಂಗೆ ಇನ್ನೊಂದು ಐಡಿಯಾ ಬಂತು, ಪಕ್ಕದಲ್ಲಿ ನಿಂತಿದ್ದ ಹತ್ತು ಚಕ್ರದ ಲಾರಿಯಿಂದ ಕರೆಂಟ್ ಎಳ್ಯೋಣ ಅಂತ. ಮೇಷ್ಟ್ರು ಮೊದಲ್ನೇ ಸಲ ಓಡಿದ್ದು ಆಗ್ಲೇ. "ಅದು 24 ವೋಲ್ಟ್ ಕಣೋ! ನಿಂದು 12! ಕೊಟ್ರೆ ಕಾರಿನ ಕಂಪ್ಯೂಟರ್ರು ಕರಕಲಾಗುತ್ತೆ."

ಕೊನೇಗೆ ಕಾಫಿ ಅಂಗಡಿಯವ್ರು ಫೋನ್ ಮಾಡಿ ವೈರಿಂಗ್ ಹುಡುಗನ್ನ ಕರೆಸಿದ್ರು. ಅವ್ನು ನಮ್ಮ ನಾಲ್ಕೂ ಜನದ ಥಿಯರಿ ಕೇಳ್ದ, ಒಂದಕ್ಕೂ ಉತ್ತರ ಕೊಡ್ಲಿಲ್ಲ, ವೋಲ್ಟ್ ಮೀಟರ್ ತೆಗ್ದು ಬ್ಯಾಟರಿ ಮೇಲಿಟ್ಟ. 12.5.

"ಬ್ಯಾಟರಿ ಚೆನ್ನಾಗಿದೆ ಸಾರ್."

"ಮತ್ಯಾಕೆ ಏನೂ ಹತ್ತಲ್ಲ?"

"ಹೆಡ್‌ಲೈಟ್ ಸ್ವಿಚ್ ಆನ್ ಮಾಡಿ" ಅಂದ, ಮೀಟರಿನ ಕೆಂಪು ವೈರು ಬ್ಯಾಟರಿ ಪ್ಲಸ್ಸಲ್ಲೇ ಬಿಟ್ಟು ಕಪ್ಪನ್ನ ಮೈನಸ್ಸಿಂದ ತೆಗ್ದು ಕಾರಿನ ಬಾಡಿ ಕಬ್ಬಿಣಕ್ಕೆ ಮುಟ್ಸಿದ. ಎರಡು ವೋಲ್ಟು ಚಿಲ್ರೆ.

ಮೇಷ್ಟ್ರು ತೊಡೆ ತಟ್ಟಿದ್ರು, "ಅರ್ಥಿಂಗ್! ಕರೆಂಟ್ ಹೋಗೋಕೆ ದಾರಿ ಇದೆ, ವಾಪಸ್ ಬರೋಕೆ ಇಲ್ಲ." ಗುಂಡನ ಮಾವನ ಸಾಲದ ಥರ ಅಂದ ಸೀನ.

ಹುಡುಗ ಒಂದು ದಪ್ಪ ಕೇಬಲ್ ತಗೊಂಡು ಬ್ಯಾಟರಿ ಮೈನಸ್ಸಿಂದ ಇಂಜಿನ್ ಕಬ್ಬಿಣಕ್ಕೆ ಕಚ್ಚಿಸಿದ ನೋಡಿ, ಗುಂಡ ಒತ್ತಿಟ್ಟಿದ್ದ ಸ್ವಿಚ್ಚೆಲ್ಲಾ ಒಟ್ಟಿಗೇ ಎದ್ವು, ಸ್ಟೀರಿಯೋ ಕಿರುಚ್ತು, ವೈಪರ್ರು ಗ್ಲಾಸ್ ಮೇಲೆ ಒಣಗ್ಲಿ ಅಂತ ಸೀನ ಹರಡಿದ್ದ ಟವೆಲ್ ಎತ್ತಿ ಮೇಷ್ಟ್ರ ಮುಖಕ್ಕೆ ಹೊಡೀತು.

ಬ್ಯಾಟರಿ ಟ್ರೇ ಪಕ್ಕ ನೆಗೆಟಿವ್ ಕೇಬಲ್ಲು ಬಾಡಿ ಕಬ್ಬಿಣಕ್ಕೆ ಸೇರೋ ಬೋಲ್ಟು ಕೈಯಲ್ಲೇ ಅಲ್ಲಾಡ್ತಿತ್ತು. ಬಿಚ್ಚಿ ಕೆರೆದ್ರೆ ಕೆಳಗೆ ಪೇಂಟು, ಪೇಂಟಿನ ಕೆಳಗೆ ಪುಟ್ಟಿ. ಕಬ್ಬಿಣಕ್ಕೆ ಕಬ್ಬಿಣ ತಾಗಬೇಕಾದ ಜಾಗಕ್ಕೆ ಯಾರೋ ಮನೆ ಗೋಡೆ ಥರ ಬಣ್ಣ ಬಳ್ದು, ಅದ್ರ ಮೇಲೆ ಬೋಲ್ಟ್ ಬಿಗಿದಿದ್ರು. ಇಷ್ಟು ದಿನ ನಡೆದದ್ದೇ ಪುಣ್ಯ.

"ಸಾರ್, ಈ ಗಾಡಿ ಮುಂದ್ಗಡೆ ಒಂದ್ಸಲ ಗುದ್ದಿದೆ. ಇಲ್ದಿದ್ರೆ ಇಲ್ಲಿ ಪುಟ್ಟಿ ಯಾಕ್ ಸಾರ್ ಬರುತ್ತೆ?"

ಗುಂಡನ ಮುಖ ನೋಡ್ಬೇಕಿತ್ತು. ಹುಡುಗ ಎಮರಿ ಪೇಪರಲ್ಲಿ ಬಿಳಿ ಕಬ್ಬಿಣ ಕಾಣೋ ತನಕ ಉಜ್ಜಿ, ಬೋಲ್ಟ್ ಬಿಗಿದು, ವ್ಯಾಸಲೀನ್ ಸವರಿ ಮುನ್ನೂರು ರೂಪಾಯಿ ತಗೊಂಡ. ಗಾಡಿ ಒಂದೇ ಸೆಲ್ಫಿಗೆ ಎದ್ದಿತು, ಮೀಟರಲ್ಲಿ 14.2, ಬ್ಯಾಟರಿ ಚಾರ್ಜ್ ಮಾಡೋ ಡೈನಮೋನೂ ಚೆನ್ನಾಗಿದೆ ಅಂದ.

ಗುಂಡ ಅಲ್ಲಿಂದ್ಲೇ ಮಾರಿದ ಬ್ರೋಕರಿಗೆ ಫೋನ್ ಹಾಕಿ ಸ್ಪೀಕರಲ್ಲಿಟ್ಟ. "ಏನ್ರೀ, ಗಾಡಿ ಗುದ್ದಿದೆಯಂತೆ! ಒಂದು ಗೀರೂ ಇಲ್ಲ ಅಂದಿದ್ರಲ್ಲಾ?"

"ಹೂ ಸಾರ್, ಎಲ್ಲಾ ಪೇಂಟ್ ಹೊಡ್ಸಿ ಕೊಟ್ಟಿದೀವಲ್ಲ, ಗೀರು ಎಲ್ಲಿಂದ ಬರುತ್ತೆ?"