ಸಹಾಯ ಬೇಕು: ಸಿಮಿ ದ್ವೀಪದ ಹಳೇ ಹೋಟೆಲಲ್ಲಿ ಅಮ್ಮನ ಜೊತೆ ಉಳಿಯಬಹುದಾ?

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಲ್ಲಿ ಅಮ್ಮನ್ನ ಗ್ರೀಸ್‌ನ ಸಿಮಿ ದ್ವೀಪಕ್ಕೆ ಕರ್ಕೊಂಡು ಹೋಗ್ತಿದ್ದೀನಿ. ಅಲ್ಲಿ ವಿಮಾನ ನಿಲ್ದಾಣ ಇಲ್ಲ, ಹತ್ತಿರದ ರೋಡ್ಸ್ ದ್ವೀಪದಿಂದ ಹಡಗಲ್ಲಿ ಹೋಗೋ ಯೋಚನೆ. ಯಾಲೋಸ್ ಬಂದರಿನ ದಂಡೆಯಲ್ಲೇ, ಹಿಂದೆ ಅಲ್ಲಿ ಸಮುದ್ರದ ಸ್ಪಂಜಿನ ವ್ಯಾಪಾರ ನಡೀತಿದ್ದ ಕಾಲದ ಹಳೇ ಮನೆಯೊಂದನ್ನ ಜೀರ್ಣೋದ್ಧಾರ ಮಾಡಿ ಹೋಟೆಲ್ ಮಾಡಿದ್ದಾರೆ. ಮರದ ಕಿಟಕಿಗಳು, ಬಾಗಿಲು ತೆಗೆದರೆ ಸಮುದ್ರ. ಫೋಟೋ ನೋಡಿದಾಗಿಂದ ಅಮ್ಮನಿಗೆ ಅದೇ ಬೇಕು.

ಚಿಂತೆ ಅವರ ಮಂಡಿನೋವಿನದ್ದು. ಮೇಲಿನ ಊರು ಹೋರಿಯೋಗೆ ಹತ್ತುವ ‘ಕಾಲಿ ಸ್ತ್ರಾತಾ’ ಅನ್ನೋ ದಾರಿಯಲ್ಲಿ ಸುಮಾರು 500 ಮೆಟ್ಟಿಲು. ಅದು ಬಿಡಿ, ಬಸ್ಸಿದೆ. ಆದರೆ ಇಂಥ ಹಳೇ ಕಟ್ಟಡಗಳ ಒಳಗಿನ ಮೆಟ್ಟಿಲು ತುಂಬಾ ಕಡಿದಾಗಿರುತ್ತಾ? ನೆಲಮಹಡಿ ರೂಮು ಕೇಳಿದರೆ ಕೊಡ್ತಾರಾ? ರಾತ್ರಿ ಬಂದರಿನ ಗದ್ದಲದಲ್ಲಿ ನಿದ್ದೆ ಬರುತ್ತಾ? ಅಲ್ಲಿ ಉಳಿದುಬಂದವರು ದಯವಿಟ್ಟು ಹೇಳಿ, ಬುಕಿಂಗ್ ಈ ವಾರವೇ ಮಾಡಬೇಕು.