‘ಸೋಂಕು’ ಎಂದರೆ ಸೋಕಿದರೆ ಬರುವುದೇ?

ಆಶಾ ಕಾರ್ಯಕರ್ತೆಯರಿಗಾಗಿ ಎಚ್‌ಐವಿ ಕುರಿತು ಒಂದು ಕರಪತ್ರ ಬರೆಯುತ್ತಿದ್ದೇನೆ. ಕರಡನ್ನು ಓದಿದ ಒಬ್ಬ ಕಾರ್ಯಕರ್ತೆ ಎರಡು ಸಾಲುಗಳ ಮೇಲೆ ಬೆರಳಿಟ್ಟರು. ಮೇಲೆ ‘ಎಚ್‌ಐವಿ ಒಂದು ಸೋಂಕು’ ಎಂದಿತ್ತು, ಕೆಳಗೆ ‘ಮುಟ್ಟಿದರೆ ಬರುವುದಿಲ್ಲ’ ಎಂದಿತ್ತು. “ಸೋಂಕು ಎಂದರೆ ಸೋಕಿದ್ದರಿಂದ ಬಂದದ್ದು ಅಲ್ಲವೇ ಸರ್?” ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಅವರ ಮಾತಿನಲ್ಲಿ ಹುರುಳಿದೆ. ಪಂಪನ ‘ತೆಂಕಣ ಗಾಳಿ ಸೋಂಕಿದೊಡಂ’ ಎಂಬಲ್ಲಿ ಸೋಂಕು ಬರೀ ಸ್ಪರ್ಶ, ಅದೂ ಹಿತವಾದದ್ದು. ಹಳ್ಳಿಯಲ್ಲಿ ‘ಗಾಳಿ ಸೋಕಿದೆ’ ಎಂದರೆ ದೆವ್ವದ ಕಾಟ. ‘ಅಂಟು’ ಇನ್ನೂ ಕೆಟ್ಟದ್ದು, ಅಂಟುಮುಟ್ಟಿನ ಮೈಲಿಗೆಯನ್ನೆಲ್ಲ ಹೊತ್ತು ತರುತ್ತದೆ. ‘ಹರಡು’ ಎಂದರೆ ಕಾಳ್ಗಿಚ್ಚೋ ಗಾಳಿಸುದ್ದಿಯೋ ನೆನಪಾಗುತ್ತದೆ. ಈ ವೈರಾಣುವಿಗಾದರೋ ಅಷ್ಟು ಸಲೀಸಾದ ದಾರಿಯಿಲ್ಲ. ಅದು ಬರುವ ದಾರಿಗಳು ಇವು: ಕಾಂಡೋಮ್ ಇಲ್ಲದ ಸಂಭೋಗ, ವೈರಾಣುವಿರುವ ರಕ್ತ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನು ಇನ್ನೊಬ್ಬರು ಚುಚ್ಚಿಕೊಳ್ಳುವುದು, ಬಸಿರು, ಹೆರಿಗೆ, ಎದೆಹಾಲಿನ ಮೂಲಕ ತಾಯಿಯಿಂದ ಮಗುವಿಗೆ. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಸೊಳ್ಳೆ ಕಚ್ಚಿದರೂ ಬರುವುದಿಲ್ಲ.

ಸದ್ಯಕ್ಕೆ ‘ದಾಟು’ ಎಂದು ತಿದ್ದಿದ್ದೇನೆ: ‘ತಾಯಿಯಿಂದ ಮಗುವಿಗೆ ದಾಟದಂತೆ ತಡೆಯಬಹುದು.’ ದಾಟುವುದಕ್ಕೆ ಈ ದಡ ಆ ದಡ ಬೇಕು, ನಡುವೆ ಅಡ್ಡಗಟ್ಟಲು ಜಾಗವೂ ಇರುತ್ತದೆ. ಬಸುರಿಗೆ ವೈರಾಣುವನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ, ಹುಟ್ಟಿದ ಕೂಡಲೇ ಮಗುವಿಗೂ ಔಷಧ ಕೊಡುವುದು ಅದಕ್ಕೇ. ಮಾತ್ರೆಯನ್ನು ತಪ್ಪದೆ ನುಂಗಿ, ರಕ್ತಪರೀಕ್ಷೆಯಲ್ಲಿ ಪತ್ತೆಯಾಗದಷ್ಟು ಕೆಳಗೆ ವೈರಾಣುವನ್ನು ಇಳಿಸಿಟ್ಟುಕೊಂಡವರಿಂದ ಲೈಂಗಿಕ ಸಂಪರ್ಕದಲ್ಲೂ ಅದು ದಾಟುವುದಿಲ್ಲ. ದಿನವೂ ಕೆಲಸಕ್ಕೆ ಹೋಗಿಬರುವ ಅಂಥವರನ್ನು ‘ಎಚ್‌ಐವಿ ಪೀಡಿತ’ ಎನ್ನಲು ನನಗೆ ಮನಸ್ಸಿಲ್ಲ. ‘ಸೋಂಕಿತ’ ಎಂಬುದು ಕನ್ನಡದ ಮೈಗೆ ಸಂಸ್ಕೃತದ ಬಾಲ. ಆದರೂ ಕೋವಿಡ್ ಕಾಲದಲ್ಲಿ ಎಲ್ಲರ ನಾಲಿಗೆಗೂ ಹತ್ತಿತು, ಇನ್ನು ಅದನ್ನು ಬೈದು ಫಲವಿಲ್ಲ.

ಇನ್ನೊಂದು ತೊಡಕು. 1968ರಲ್ಲಿ ಸರ್ಕಾರ ತಂದ ‘ನಿರೋಧ್’ ಎಂಬ ಹೆಸರು ಕಾಂಡೋಮಿಗೆ ಊರವರೆಲ್ಲ ಕರೆಯುವ ಹೆಸರೇ ಆಗಿಬಿಟ್ಟಿದೆ. ಕರಪತ್ರದಲ್ಲಿ ಆ ಹೆಸರಿದ್ದ ಪುಟದಲ್ಲೇ ‘ರೋಗನಿರೋಧಕ ಶಕ್ತಿ ಕುಂದುತ್ತದೆ’ ಎಂದೂ ಬರೆದಿದ್ದೆ. ಓದಿದವರು ಮುಸಿಮುಸಿ ನಕ್ಕರು. ಎರಡನೆಯದನ್ನು ‘ರೋಗದೊಡನೆ ಸೆಣಸುವ ಶಕ್ತಿ’ ಎಂದು ಬದಲಿಸಿದೆ, ಉದ್ದವಾಯಿತು.

ನಿಮ್ಮ ಕಡೆ ಕಾಯಿಲೆಗೆ ‘ದಾಟು’ ಎನ್ನುವುದುಂಟೇ? ಕರಾವಳಿಯಲ್ಲಿ, ಉತ್ತರ ಕರ್ನಾಟಕದಲ್ಲಿ ಬೇರೆ ಮಾತಿದ್ದರೆ ತಿಳಿಸಿ. ಡಿಸೆಂಬರ್ 1ರ ಏಡ್ಸ್ ದಿನಕ್ಕೆ ಮುಂಚೆ ಇದು ಅಚ್ಚಾಗಬೇಕು.